ಕೇಳುವ ಕಿವಿಗೂ ಶಿಕ್ಷಣ ಬೇಕು

ಪದವಿ ಪರೀಕ್ಷೆಯ ಫಲಿತಾಂಶ ಹೊರಬೀಳುತ್ತಿದ್ದಂತೆ ಮನೆಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮುಂದೇನು? ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಥೋಲಿಕ ಕುಟುಂಬಗಳಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಸಿದ್ಧ ಉತ್ತರಗಳಿವೆ. ನರ್ಸಿಂಗ್, ಶಿಕ್ಷಕ ತರಬೇತಿ, ಇಂಜಿನಿಯರಿಂಗ್, ಇಲ್ಲವೇ ಬೆಂಗಳೂರಿನಲ್ಲೊಂದು ಕಂಪನಿಯ ಕೆಲಸ. ಇವೆಲ್ಲವೂ ಗೌರವದ ದಾರಿಗಳೇ. ಆದರೆ ಮಗಳೊಬ್ಬಳು ಎಂ.ಎಸ್.ಡಬ್ಲ್ಯು. ಓದುತ್ತೇನೆಂದರೆ, ಮಗನೊಬ್ಬ ಆಪ್ತಸಮಾಲೋಚನೆಯನ್ನು ಕಲಿಯುತ್ತೇನೆಂದರೆ ಪಾಲಕರ ಮುಖ ಸಪ್ಪಗಾಗುತ್ತದೆ. ‘ಮಂದಿ ಕಷ್ಟಾ ಕೇಳಾಕ ಎರಡು ವರ್ಷ ಓದಬೇಕೇನು?’ ಎಂಬ ಮಾತು ಬಂದೇ ಬರುತ್ತದೆ. ಓದಲೇಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳೇನೆಂಬುದನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ.

ನಮ್ಮ ಸೀಮೆಯ ಸುಖದುಃಖಗಳು ಮಳೆಯನ್ನೂ ಮಾರುಕಟ್ಟೆಯನ್ನೂ ನೆಚ್ಚಿಕೊಂಡಿವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತು ಅದರ ಕೀರ್ತಿ ಹಬ್ಬಿತು. ಅದೇ ಮಾರುಕಟ್ಟೆಯಲ್ಲಿ 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರ ಸಿಟ್ಟು ಬೆಂಕಿಯಾಗಿ ಹೊತ್ತಿ ವಾಹನಗಳು ಸುಟ್ಟುಹೋದವು. ಪತ್ರಿಕೆಗಳಲ್ಲಿ ಚಿತ್ರಗಳು ಬಂದವು, ಹಾನಿಯ ಲೆಕ್ಕವಾಯಿತು, ಪೊಲೀಸರು ತಮ್ಮ ಕೆಲಸ ಮಾಡಿದರು. ಆದರೆ ಆ ರಾತ್ರಿ ಊರಿಗೆ ಮರಳಿದ ರೈತನು ಸಾಲದ ಮಾತನ್ನು ಹೆಂಡತಿಯ ಮುಂದೆ ಹೇಗೆ ಎತ್ತಿದನು? ಅವನ ಎದೆಯೊಳಗಿನ ಉರಿಯನ್ನು ಕೇಳುವುದು ಯಾರ ಕರ್ತವ್ಯ? ರೈತರ ಆತ್ಮಹತ್ಯೆಯ ಸುದ್ದಿ ನಮ್ಮ ಜಿಲ್ಲೆಯಿಂದ ವರ್ಷವರ್ಷವೂ ಬರುತ್ತಲೇ ಇದೆ. ಇದರ ಜೊತೆಗೆ ಕುಡಿತದಿಂದ ಒಡೆದ ಸಂಸಾರಗಳಿವೆ. ಅಂಕ ಕಡಿಮೆಯಾಯಿತೆಂದು ಕೋಣೆಯ ಬಾಗಿಲು ಹಾಕಿಕೊಳ್ಳುವ ಮಕ್ಕಳಿದ್ದಾರೆ. ಮಕ್ಕಳು ದೂರದೂರುಗಳಲ್ಲಿ ನೆಲೆಸಿದ ಮೇಲೆ ಗೋಡೆಯೊಡನೆ ಮಾತನಾಡುವ ವೃದ್ಧರಿದ್ದಾರೆ. ಇಂಥವರು ಬೇರೆಯವರ ಮನೆಗಳಲ್ಲಿ ಮಾತ್ರ ಇದ್ದಾರೆಂದು ಭಾವಿಸುವುದು ತಪ್ಪಾದೀತು.

ಕಷ್ಟ ಬಂದಾಗ ಕೇಳುವವರು ನಮ್ಮಲ್ಲಿ ಇಲ್ಲವೆಂದಲ್ಲ. ಧರ್ಮಕೇಂದ್ರದ ಗುರುಗಳಿದ್ದಾರೆ, ಭಗಿನಿಯರಿದ್ದಾರೆ, ಊರ ಹಿರಿಯರಿದ್ದಾರೆ. ತುಂಗಭದ್ರೆಯನ್ನು ದಾಟಿ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹೋಗಿ ಕಣ್ಣೀರಿಟ್ಟು ಹಗುರಾಗಿ ಬರುವವರು ಅನೇಕರು. ಈ ಸಾಂತ್ವನದ ಬೆಲೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಪಾಪನಿವೇದನೆಯೂ ಆಪ್ತಸಮಾಲೋಚನೆಯೂ ಒಂದೇ ಅಲ್ಲ. ಒಂದು ದೇವರೊಡನೆ ಮಾಡಿಕೊಳ್ಳುವ ರಾಜಿ, ಇನ್ನೊಂದು ಕಂಗೆಟ್ಟ ಮನಸ್ಸನ್ನು ಶಾಸ್ತ್ರೀಯವಾಗಿ ಅರಿತು ಕೈಹಿಡಿದು ನಡೆಸುವ ವಿದ್ಯೆ. ನಿದ್ರೆ ಬಾರದೆ, ಊಟ ಸೇರದೆ ವಾರಗಟ್ಟಲೆ ಕುಳಿತಲ್ಲೇ ಕುಳಿತಿರುವವನಿಗೆ ‘ಧೈರ್ಯ ತಂದುಕೊ, ಪ್ರಾರ್ಥನೆ ಮಾಡು’ ಎಂದಷ್ಟೇ ಹೇಳಿ ಕಳುಹಿಸಿದರೆ, ಜ್ವರ ಬಂದವನಿಗೆ ಔಷಧಿ ಕೊಡದೆ ಕಳುಹಿಸಿದಂತೆಯೇ ಸರಿ. ಪ್ರಾರ್ಥನೆ ಬೇಡವೆಂದಲ್ಲ, ಅದರ ಜೊತೆಗೆ ಚಿಕಿತ್ಸೆಯೂ ಬೇಕು.

ಧರ್ಮಸಭೆಯೇ ಈ ವಿಷಯದಲ್ಲಿ ತನ್ನ ತಿಳಿವಳಿಕೆಯನ್ನು ಆಳಗೊಳಿಸಿಕೊಂಡಿದೆ. ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸುವ ನಿಯಮ 1917ರ ಧರ್ಮಸಭಾ ಸಂಹಿತೆಯಲ್ಲಿತ್ತು. 1983ರ ಸಂಹಿತೆಯಲ್ಲಿ ಆ ಉಲ್ಲೇಖವನ್ನು ಕೈಬಿಡಲಾಯಿತು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು, ತೀವ್ರ ಮಾನಸಿಕ ಕ್ಲೇಶವು ಅಂಥವರ ಹೊಣೆಯನ್ನು ತಗ್ಗಿಸಬಲ್ಲದೆಂದು ತಿಳಿಸಿ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದು ಬೋಧಿಸಿತು. ನಾಡಿನ ಕಾನೂನೂ ಅದೇ ದಿಕ್ಕಿನಲ್ಲಿ ಸಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ನೀಡಬೇಕೆಂದು ವಿಧಿಸಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ಉಚಿತ ಸಂಖ್ಯೆಗೆ ಯಾರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ದೇವಾಲಯದ ಫಲಕದ ಮೇಲೆ ಬರೆದಿಡುವುದು ಒಳಿತು. ಧರ್ಮಸಭೆ ಕರುಣೆ ತೋರಿದೆ, ಕಾನೂನು ದಾರಿ ಬಿಟ್ಟುಕೊಟ್ಟಿದೆ. ಈಗ ಕೊರತೆಯಿರುವುದು ಆ ದಾರಿಯಲ್ಲಿ ನಡೆಸಬಲ್ಲ ತರಬೇತಿ ಪಡೆದ ಜನರದು.

ಈ ಓದಿನಲ್ಲಿ ಕಲಿಸುವುದಾದರೂ ಏನು? ಮೊದಲನೆಯದಾಗಿ, ಬುದ್ಧಿ ಹೇಳುವ ಆತುರವನ್ನು ಬಿಟ್ಟು ಕೇಳುವುದನ್ನು. ದುಃಖ ಯಾವುದು, ರೋಗ ಯಾವುದು ಎಂದು ಗುರುತಿಸುವುದನ್ನು. ಸಾಯುವ ಆಲೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೃದುವಾಗಿ ಕೇಳುವುದನ್ನು. ಹಾಗೆ ಕೇಳಿದರೆ ಇಲ್ಲದ ಆಲೋಚನೆಯನ್ನು ಬಿತ್ತಿದಂತಾಗುತ್ತದೆ ಎಂಬ ಭಯ ಜನರಲ್ಲಿದೆ. ಅದು ನಿರಾಧಾರವೆಂದೂ, ಕೇಳುವುದರಿಂದಲೇ ಎಷ್ಟೋ ಜನ ಬಾಯಿ ಬಿಡುತ್ತಾರೆಂದೂ ತಜ್ಞರು ಕಂಡುಕೊಂಡಿದ್ದಾರೆ. ತನ್ನಿಂದ ಆಗದ್ದನ್ನು ಮನೋವೈದ್ಯರ ಬಳಿಗೆ ಯಾವಾಗ ಕಳುಹಿಸಬೇಕೆಂಬ ವಿವೇಕವೂ ಈ ಶಿಕ್ಷಣದ ಭಾಗವೇ. ಎಲ್ಲಕ್ಕಿಂತ ಮಿಗಿಲಾದುದು ಗೌಪ್ಯತೆ. ಸಂತೆಯ ದಿನ ಎಲ್ಲರೂ ಎಲ್ಲರಿಗೂ ಎದುರಾಗುವ ನಮ್ಮಂಥ ಊರುಗಳಲ್ಲಿ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಿಸ್ತಿಲ್ಲದವರು ಎಷ್ಟೇ ಒಳ್ಳೆಯವರಾಗಿದ್ದರೂ ಹಾನಿಯನ್ನೇ ಮಾಡಿಯಾರು. ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎರಡು ವರ್ಷದ್ದು. ತರಗತಿಯ ಪಾಠದಷ್ಟೇ ಮಹತ್ವ ಕ್ಷೇತ್ರಕಾರ್ಯಕ್ಕೂ ಇದೆ. ವಿದ್ಯಾರ್ಥಿಗಳು ಆಸ್ಪತ್ರೆ, ಶಾಲೆ, ಕೊಳೆಗೇರಿ, ಮಕ್ಕಳ ಗೃಹಗಳಿಗೆ ಹೋಗಿ, ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ, ವರದಿ ಬರೆದು, ತಿದ್ದಿಸಿಕೊಂಡು ಕಲಿಯುತ್ತಾರೆ.

ಈ ವಿದ್ಯೆ ನಮ್ಮ ಸಮುದಾಯಕ್ಕೆ ಹೊರಗಿನದೇನೂ ಅಲ್ಲ. ದೇಶದಲ್ಲಿ ಸಮಾಜಕಾರ್ಯದ ವೃತ್ತಿಶಿಕ್ಷಣ 1936ರಲ್ಲಿ ಮುಂಬೈಯ ಟಾಟಾ ಸಂಸ್ಥೆಯಲ್ಲಿ ಆರಂಭವಾಯಿತು. ‘ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ’ ಸಭೆಯ ಭಗಿನಿಯರು 1955ರಲ್ಲಿ ಅದೇ ನಗರದಲ್ಲಿ ನಿರ್ಮಲಾ ನಿಕೇತನವನ್ನೂ, 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯವನ್ನೂ ಸ್ಥಾಪಿಸಿದರು. ದಾನಧರ್ಮಕ್ಕೆ ಹೆಸರಾದ ಕನ್ಯಾಸ್ತ್ರೀಯರೇ, ದಯೆಯೊಂದೇ ಸಾಲದು, ಅದರ ಜೊತೆ ವಿದ್ಯೆಯೂ ಇರಬೇಕೆಂದು ಆರು ದಶಕಗಳ ಹಿಂದೆಯೇ ಮನಗಂಡಿದ್ದರು. ಕರ್ನಾಟಕದ ಕರಾವಳಿ ಆ ದೂರದೃಷ್ಟಿಯ ಫಲವನ್ನು ಉಂಡಿದೆ. ಬಯಲುಸೀಮೆಯ ನಾವು ಇನ್ನೂ ಹಿಂದೆ ಉಳಿದಿರುವುದು ವಿಷಾದದ ಸಂಗತಿ.

ಓದಲು ಮಂಗಳೂರಿನವರೆಗೇ ಹೋಗಬೇಕೆಂದಿಲ್ಲ. ಹಾವೇರಿಯಿಂದ ಸುಮಾರು 100 ಕಿಲೋಮೀಟರಿನೊಳಗೆ ಧಾರವಾಡವಿದೆ. ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗವೂ, ಡಿಮ್ಹಾನ್ಸ್ ಎಂದು ಹೆಸರಾದ ಮಾನಸಿಕ ಆರೋಗ್ಯ ಸಂಸ್ಥೆಯೂ ಇವೆ. ಹಾವೇರಿಯ ಸಮೀಪದ ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಆಯಾ ವರ್ಷ ಯಾವ ವಿಷಯಗಳಿಗೆ ಪ್ರವೇಶವಿದೆಯೆಂಬುದನ್ನು ಮೊದಲು ವಿಚಾರಿಸುವುದು ಜಾಣತನ. ಎಂ.ಎಸ್.ಡಬ್ಲ್ಯು. ಪ್ರವೇಶಕ್ಕೆ ಸಾಮಾನ್ಯವಾಗಿ ಯಾವ ಪದವಿಯಾದರೂ ಆದೀತು. ಮನೋವಿಜ್ಞಾನದಲ್ಲಿ ಮುಂದುವರಿಯುವವರು ಪದವಿಯಲ್ಲೇ ಆ ವಿಷಯ ಓದಿದ್ದರೆ ಒಳ್ಳೆಯದು. ಚಿಕಿತ್ಸಾ ಮನೋವಿಜ್ಞಾನಿ ಎನಿಸಿಕೊಳ್ಳಲು ಮುಂದಿನ ತರಬೇತಿಯೂ, 1992ರ ಕಾಯಿದೆಯಡಿ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಅಗತ್ಯ.

ಇಲ್ಲಿ ಪಾಲಕರು ಒಂದು ಎಚ್ಚರಿಕೆಯನ್ನು ನೆನಪಿಡಬೇಕು. ಮೂರು ತಿಂಗಳಲ್ಲಿ ಆಪ್ತಸಮಾಲೋಚಕರನ್ನಾಗಿ ಮಾಡುತ್ತೇವೆಂಬ ಜಾಹೀರಾತುಗಳಿಗೆ ಮರುಳಾಗಬಾರದು. 2021ರ ರಾಷ್ಟ್ರೀಯ ಸಹಾಯಕ ಹಾಗೂ ಆರೋಗ್ಯ ಆರೈಕೆ ವೃತ್ತಿಗಳ ಆಯೋಗದ ಕಾಯಿದೆಯು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ಹಲವು ಬಗೆಯ ಸಮಾಲೋಚಕರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಆ ಕಾಯಿದೆಗೆ ಒಳಪಟ್ಟ ಆರೋಗ್ಯ ವಿಷಯಗಳನ್ನೂ ಮನೋವಿಜ್ಞಾನವನ್ನೂ 2025ರ ಜುಲೈ–ಆಗಸ್ಟ್ ಪ್ರವೇಶಾವಧಿಯಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್ ಕ್ರಮದಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ಆದೇಶಿಸಿತು. ಹಣ ಕಟ್ಟುವ ಮೊದಲು ಪದವಿಗೆ ಮಾನ್ಯತೆ ಇದೆಯೇ, ಕ್ಷೇತ್ರಕಾರ್ಯ ಉಂಟೇ ಎಂದು ಕೇಳಿ ತಿಳಿಯುವುದು ಅವಶ್ಯ.

ಓದಿದ ಮೇಲೆ ಉದ್ಯೋಗವುಂಟೇ ಎಂಬುದು ನ್ಯಾಯವಾದ ಪ್ರಶ್ನೆ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಕಾರ್ಯಕ್ರಮಕ್ಕೆ ಮನೋವೈದ್ಯರ ಜೊತೆಗೆ ಸಮಾಜಕಾರ್ಯಕರ್ತರೂ ಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಂಕಟದಲ್ಲಿರುವ ಮಹಿಳೆಯರ ‘ಸಖಿ’ ಕೇಂದ್ರ, ಎಚ್.ಐ.ವಿ. ಪರೀಕ್ಷಾ ಕೇಂದ್ರಗಳು, ವ್ಯಸನಮುಕ್ತಿ ಕೇಂದ್ರಗಳು, ಶಾಲೆಗಳು, ಸ್ವಯಂಸೇವಾ ಸಂಸ್ಥೆಗಳು ಇಂಥವರನ್ನು ಬಯಸುತ್ತವೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂಬುದು 1948ರಲ್ಲಿ ರಚಿತವಾದ ಕಾರ್ಖಾನೆಗಳ ಕಾಯಿದೆ ತಂದ ನಿಯಮವಾಗಿತ್ತು. ಆ ಹುದ್ದೆಗಳಿಗೂ ಸಮಾಜಕಾರ್ಯ ಪದವೀಧರರು ಹೋಗುತ್ತ ಬಂದಿದ್ದಾರೆ. ಆದರೆ ಸತ್ಯವನ್ನು ಮರೆಮಾಚಬಾರದು. ಇವುಗಳಲ್ಲಿ ಬಹಳಷ್ಟು ಕೆಲಸಗಳು ಗುತ್ತಿಗೆ ಆಧಾರದವು, ಸಂಬಳ ಸಾಧಾರಣ. ವಿದೇಶದ ನರ್ಸಿಂಗ್ ಸಂಬಳದೊಡನೆ ತೂಗಿದರೆ ಈ ತಕ್ಕಡಿ ಮೇಲೇಳುವುದು ಖಂಡಿತ. ಮಕ್ಕಳು ಇದನ್ನು ತಿಳಿದೇ ಹೆಜ್ಜೆ ಇಡಬೇಕು, ಪಾಲಕರು ತಿಳಿದೇ ಬೆನ್ನು ತಟ್ಟಬೇಕು.

ಹಾಗಾದರೆ ನಮ್ಮ ಮಕ್ಕಳೇ ಏಕೆ ಹೋಗಬೇಕು, ನಗರದಿಂದ ತಜ್ಞರು ಬರಲಿ ಎನ್ನುವವರಿದ್ದಾರೆ. ಬರುವವರು ಬರಲಿ. ಆದರೆ ಮನಸ್ಸಿನ ನೋವು ಹೊರಬರುವುದು ತಾಯಿನುಡಿಯಲ್ಲಿ. ನಮ್ಮ ಹಳ್ಳಿಯವನು ‘ಖಿನ್ನತೆ’ ಎನ್ನುವುದಿಲ್ಲ. ‘ಜೀವ ಬ್ಯಾಸರಾಗೇತಿ’, ‘ಎದಿ ಭಾರಾಗೇತಿ’, ‘ಯಾತಕ್ಕೂ ಮನಸ ಬರವಲ್ದು’ ಎನ್ನುತ್ತಾನೆ. ಈ ಮಾತುಗಳ ಹಿಂದಿರುವ ಅಪಾಯವನ್ನು ಒಮ್ಮೆಗೇ ಗ್ರಹಿಸಬಲ್ಲವರು ಇದೇ ನೆಲದಲ್ಲಿ ಬೆಳೆದು, ಬಳಿಕ ಶಾಸ್ತ್ರವನ್ನೂ ಓದಿದವರು. ಸಾಲದ ಅವಮಾನವೆಂದರೇನು, ಬಿತ್ತನೆಗೆ ಮುನ್ನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಪುಸ್ತಕ ಪೂರ್ತಿ ಕಲಿಸದು. ರಾಣೇಬೆನ್ನೂರಿನ ಹುಡುಗಿಗೂ ಬ್ಯಾಡಗಿಯ ಹುಡುಗನಿಗೂ ಅದು ಗೊತ್ತು. ಅವರಿಗಿಲ್ಲದಿರುವುದು ಓದು ಮಾತ್ರ.

ಈ ನಿಟ್ಟಿನಲ್ಲಿ ಮೂರು ಕೆಲಸಗಳು ನಮ್ಮಿಂದಲೇ ಆಗಬಹುದು. ಮೊದಲನೆಯದು ಮನೆಗಳಲ್ಲಿ. ಮಗನೋ ಮಗಳೋ ಈ ದಾರಿಯನ್ನು ಬಯಸಿದರೆ ಹೀಯಾಳಿಸದೆ ಕುಳಿತು ಮಾತನಾಡಬೇಕು. ಎರಡನೆಯದು ಧರ್ಮಕೇಂದ್ರಗಳಲ್ಲಿ. ಹಬ್ಬದ ದೀಪಾಲಂಕಾರದಲ್ಲಿ, ಮೆರವಣಿಗೆಯ ಖರ್ಚಿನಲ್ಲಿ ಒಂದು ಪಾಲನ್ನು ಉಳಿಸಿ, ನೆರೆಯ ಧರ್ಮಕೇಂದ್ರಗಳು ಕೂಡಿ ವರ್ಷಕ್ಕೊಬ್ಬ ಬಡ ವಿದ್ಯಾರ್ಥಿಯ ಸ್ನಾತಕೋತ್ತರ ಓದಿನ ವೆಚ್ಚ ವಹಿಸುವುದು ಅಸಾಧ್ಯವೇನಲ್ಲ. ಓದು ಮುಗಿದ ಮೇಲೆ ಎರಡು ವರ್ಷವಾದರೂ ಈ ಜಿಲ್ಲೆಯಲ್ಲಿ ಸೇವೆ ಸಲ್ಲಿಸಬೇಕೆಂಬ ಮಾತನ್ನು ಪಡೆಯಬಹುದು. ಮೂರನೆಯದು ನಮ್ಮ ಶಾಲೆಗಳಲ್ಲಿ. ಬಿಡುವಿರುವ ಶಿಕ್ಷಕರಿಗೆ ಸಮಾಲೋಚನೆಯ ಹೊಣೆ ಹೊರಿಸುವ ಬದಲು ಓದಿ ಬಂದವರನ್ನು, ಹಲವು ಶಾಲೆಗಳು ಸೇರಿಯಾದರೂ, ನೇಮಿಸಿಕೊಳ್ಳಬೇಕು. ಈ ಸೇವೆಯ ಬಾಗಿಲು ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಕಂಡ ಸಮಾರಿಯದವನು ಮರುಗಿ ಮುಂದೆ ಹೋಗಲಿಲ್ಲ. ಗಾಯವನ್ನು ತೊಳೆದು ಕಟ್ಟಿದನು, ಛತ್ರಕ್ಕೆ ಒಯ್ದನು, ಮುಂದಿನ ಆರೈಕೆಗೆ ಹಣ ಕೊಟ್ಟನು. ಗಾಯ ಕಟ್ಟಲು ಬಲ್ಲ ಕೈಯೂ ಅದರ ವೆಚ್ಚ ಹೊರುವ ಮನಸ್ಸೂ ಅಲ್ಲಿ ಕೂಡಿದ್ದವು. ಕಣ್ಣಿಗೆ ಕಾಣದ ಗಾಯಗಳನ್ನು ಕಟ್ಟುವ ವಿದ್ಯೆಯನ್ನು ನಮ್ಮ ಮಕ್ಕಳು ಕಲಿಯಲಿ, ವೆಚ್ಚ ಹೊರುವ ಮನಸ್ಸನ್ನು ಹಿರಿಯರಾದ ನಾವು ಮಾಡೋಣ. ಈ ವರ್ಷ ಪದವಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈ ಭಾನುವಾರದ ಬಲಿಪೂಜೆಯ ನಂತರ ಇಷ್ಟು ಮಾತಾದರೂ ನಡೆಯಲಿ.