ಉಸಿರಿನ ಪಾಠ ಬೇಕು, ಹೊರೆ ಇಳಿಯಲೂ ಬೇಕು

ಹಳ್ಳಿಗಾಡಿನ ಅಂಗನವಾಡಿ ಟೀಚರುಗಳ ಮನಸ್ಸಿನ ಒತ್ತಡ ಇಳಿಸಲು ಅವರಿಗೆ ‘ಮೈಂಡ್‌ಫುಲ್‌ನೆಸ್’ ಕಲಿಸಬೇಕೆಂದು ಬಲ್ಲವರು ಹೇಳುತ್ತಾರೆ. ಕನ್ನಡದಲ್ಲಿ ಸಾವಧಾನ ಎನ್ನೋಣ. ನೆಟ್ಟಗೆ ಕೂತು, ಉಸಿರಿನ ಮೇಲೆ ಗಮನವಿಟ್ಟು, ಎದ್ದ ಯೋಚನೆಯ ಬೆನ್ನು ಹತ್ತದೆ ಬಿಟ್ಟುಬಿಡುವುದೇ ಆ ಪಾಠ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ದುಡಿಯುವ ಜನ ಇದನ್ನು ನಕ್ಕು ತಳ್ಳಬೇಕಾಗಿಲ್ಲ. ಕೇಳಿದೊಡನೆ ಕೈಮುಗಿಯಬೇಕಾಗಿಯೂ ಇಲ್ಲ. ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ.

ವಸ್ತು ಹೊಸದಲ್ಲ. ಬುದ್ಧ ತನ್ನ ಭಿಕ್ಷುಗಳಿಗೆ ಹೇಳಿಕೊಟ್ಟ ‘ಸತಿ’ ಎಂಬ ಎಚ್ಚರವೇ ಇದರ ಮೂಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್‌-ಜಿನ್ ಎಂಬವರು ಅದರ ಧರ್ಮದ ಹೊದಿಕೆ ತೆಗೆದು, ಮದ್ದಿಗೆ ಬಗ್ಗದ ನೋವಿನಿಂದ ನರಳುವವರಿಗೆ ಎಂಟು ವಾರಗಳ ಶಿಕ್ಷಣವಾಗಿ ಕೊಡತೊಡಗಿದರು. ಹೀಗೆ ನಮ್ಮ ಮಾಲೇ ಪರದೇಶದ ಚೀಲದಲ್ಲಿ ನಮ್ಮ ಸಂತೆಗೆ ಮರಳಿದೆ. ಮಾಲು ಒಳ್ಳೆಯದಾದರೆ ಚೀಲದ ಮೇಲೆ ಸಿಟ್ಟೇಕೆ? ಉಸಿರನ್ನು ನಿಧಾನವಾಗಿ ಬಿಟ್ಟರೆ ಎದೆಯ ಬಡಿತ ಇಳಿಯುವುದು ಮೈಯ ಧರ್ಮ. ಮೂರು ವರ್ಷದ ಮಗು ತನ್ನ ಅಳುವನ್ನು ತಾನೇ ಅಡಗಿಸಲಾರದು. ಎತ್ತಿಕೊಂಡವರು ಶಾಂತರಾಗಿದ್ದರೆ ಅದೂ ಶಾಂತವಾಗುತ್ತದೆ. ಆದುದರಿಂದ ಟೀಚರಿನ ಸಮಾಧಾನ ಮಗುವಿಗೆ ಹಾಲು, ಮೊಟ್ಟೆಯಷ್ಟೇ ಅಗತ್ಯ.

ಆದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆಯಲ್ಲವೇ? ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳಲ್ಲಿ ಈ ಶಿಕ್ಷಣವನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪಾಧ್ಯಾಯರ ಬಳಲಿಕೆ ಮೊದಲಿಗೆ ತುಸು ಇಳಿದಿತ್ತು. ವರ್ಷ ಕಳೆಯುವುದರೊಳಗೆ ಆ ಲಾಭದ ಬಹುಭಾಗ ಕರಗಿಹೋಗಿತ್ತು. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಮಾಲನಿಗೆ ಉಸಿರು ಬಿಡುವ ಕ್ರಮ ಹೇಳಿಕೊಟ್ಟರೆ ಒಳ್ಳೆಯದೇ. ಆದರೆ ಬೆನ್ನಿನ ಮೂಟೆ ಇಳಿಯದಿದ್ದರೆ ಆ ಕ್ರಮ ಎಷ್ಟು ದಿನ ಅವನನ್ನು ಕಾದೀತು?

ಆ ಮೂಟೆ ಯಾವುದು? 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆಯವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಮೂರರಿಂದ ಆರು ವರ್ಷದ ಮಕ್ಕಳಿಗೆ ಪಾಠ ಎಂಬ ಆರು ಸೇವೆಗಳು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ಪಾಲಿಗೆ ಬಂದವು. 2017ರಲ್ಲಿ ಮಾತೃಪೂರ್ಣ ಯೋಜನೆಯಿಂದ ಗರ್ಭಿಣಿಯರ ಬಿಸಿಯೂಟ ಸೇರಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಫೋನಿನ ಲೆಕ್ಕ ಬಂತು. 2025ರ ಜುಲೈಯಿಂದ ಮನೆಗೆ ಆಹಾರ ಒಯ್ಯುವವರ ಮುಖವನ್ನೂ ಫೋನು ಗುರುತಿಸಬೇಕೆಂದಾಯಿತು. ಚುನಾವಣೆ ಬಂದರೆ ಮತದಾರರ ಪಟ್ಟಿ, ಸಮೀಕ್ಷೆ ಬಂದರೆ ಮನೆಮನೆ ಓಡಾಟ. ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ಬೈಗುಳ ಟೀಚರಿಗೇ. ಇವುಗಳ ನಡುವೆ ಮಗುವಿಗೆ ಹಾಡು, ಕತೆ, ಆಟ ಯಾವ ಹೊತ್ತಿನಲ್ಲಿ?

ಇನ್ನು ಕೂಲಿಯ ಮಾತು. ಅದನ್ನು ಸಂಬಳವೆಂದು ಕರೆಯುವಂತಿಲ್ಲ, ಗೌರವಧನ! ಕೇಂದ್ರ ಸರಕಾರ ತಾನು ಗೊತ್ತುಪಡಿಸುವ ಗೌರವಧನವನ್ನು 2018ರ ಅಕ್ಟೋಬರಿನಲ್ಲಿ 3,000ದಿಂದ 4,500 ರೂಪಾಯಿಗೆ ಏರಿಸಿತು. 2025ರಲ್ಲಿಯೂ ಅಂಕಿ ಅದೇ. ರಾಜ್ಯ ಸರಕಾರ ತನ್ನ ಪಾಲು ಸೇರಿಸುತ್ತದೆ, 2025ರ ಬಜೆಟ್ಟಿನಲ್ಲಿ ಇನ್ನೊಂದು ಸಾವಿರ ಕೂಡಿಸಿತು. ಇವರದು ಸರಕಾರಿ ಹುದ್ದೆಯಲ್ಲವೆಂದು 2006ರಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಅದೇ ಕೋರ್ಟು 2022ರ ಏಪ್ರಿಲ್ 25ರಂದು, ಗುಜರಾತಿನ ಮೊಕದ್ದಮೆಯಲ್ಲಿ, ಇವರಿಗೆ ಗ್ರಾಚ್ಯುಟಿಯ ಹಕ್ಕುಂಟೆಂದು ತೀರ್ಪಿತ್ತಿತು. ತೀರ್ಪು ಬಂದ ಮೇಲೂ ಅದನ್ನು ಕೇಳಲು 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂರಬೇಕಾಯಿತು. ಗೌರವವೆಂಬುದು ಧನದ ಹೆಸರಿನಲ್ಲಿ ಮಾತ್ರ ಇದ್ದರೆ ಸಾಕೇ?

ಗಿರಣಿಯ ಕೆಲಸಗಾರನಿಗೂ ಚಿಲ್ಲರೆ ಅಂಗಡಿಯವನಿಗೂ ಇದರಿಂದೇನು ಎಂದು ಕೇಳಬಹುದು. ತರೀಕೆರೆಯಲ್ಲಿ ಅಡಿಕೆ ಸುಲಿಯಲು, ಅಜ್ಜಂಪುರದಲ್ಲಿ ಈರುಳ್ಳಿ ಕೀಳಲು, ಕಡೂರಿನಲ್ಲಿ ರಾಗಿ ಕೊಯ್ಯಲು ಹೋಗುವ ತಾಯಿ ತನ್ನ ಕೂಸನ್ನು ಯಾರ ಮಡಿಲಲ್ಲಿ ಬಿಟ್ಟು ಹೋಗುತ್ತಾಳೆ? ಆ ಮಡಿಲು ಬಳಲಿದರೆ ಅವಳ ಕೂಲಿ ನಿಲ್ಲುತ್ತದೆ. ತರಕಾರಿ, ಮೊಟ್ಟೆಯ ಹಣ ತಡವಾದರೆ ಟೀಚರ್ ಸಾಲ ಬರೆಸುವುದು ಯಾರ ಅಂಗಡಿಯ ಪುಸ್ತಕದಲ್ಲಿ? ನಿಮ್ಮದರಲ್ಲೇ. ಉಳ್ಳವರ ಮಕ್ಕಳಿಗೆ ಕಾನ್ವೆಂಟಿನ ವ್ಯಾನು ಬರುತ್ತದೆ. ನಮ್ಮ ಮಕ್ಕಳಿಗೆ ಅಂಗನವಾಡಿಯೇ ಗತಿ.

ಆದುದರಿಂದ ನಾವು ಒತ್ತಾಯಪಡಿಸುವುದು ಇಷ್ಟು. ಸಾವಧಾನದ ಪಾಠ ಕೊಡಲಿ, ಆದರೆ ಕೆಲಸದ ವೇಳೆಯಲ್ಲಿ, ಕನ್ನಡದಲ್ಲಿ, ಒಪ್ಪಿದವರಿಗೆ ಮಾತ್ರ. ಭಾನುವಾರ ಕರೆಸುವುದಾಗಲಿ, ಅದಕ್ಕೂ ಒಂದು ರಿಜಿಸ್ಟರು, ಒಂದು ಫೋಟೋ ಕೇಳುವುದಾಗಲಿ ಕೂಡದು. ಲೆಕ್ಕ ಪುಸ್ತಕದಲ್ಲಿರಲಿ ಅಥವಾ ಫೋನಿನಲ್ಲಿರಲಿ, ಎರಡರಲ್ಲೂ ಬೇಡ. ಬೇರೆ ಇಲಾಖೆಗಳ ಕೆಲಸ ಬೇರೆಯವರೇ ಮಾಡಲಿ. ಅಡಿಗೆಯ ಹಣ ಮುಂಗಡವಾಗಿ ಬರಲಿ. ಗೌರವಧನ ಬದುಕಲು ಸಾಲುವ ಸಂಬಳವಾಗಲಿ. ನಿದ್ದೆ ಬಾರದೆ, ಬಾಳೇ ಬೇಸರವಾದವರಿಗೆ ಉಸಿರಿನ ಪಾಠವೊಂದೇ ಸಾಲದು, ವೈದ್ಯರ ನೆರವೇ ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ನಂಬರಿಗೆ ಯಾರೂ ಕಾಸಿಲ್ಲದೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದನ್ನು ಪ್ರತಿ ಅಂಗನವಾಡಿಯ ಗೋಡೆಯ ಮೇಲೆ ಬರೆಸಲಿ.

ಓದುಗರು ತಮ್ಮೂರ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮಾತು ಎತ್ತಬೇಕು. ಟೀಚರ್ ಒಬ್ಬಳೇ ಕೇಳಿದರೆ ಅದು ದೂರು. ಊರೇ ಕೇಳಿದರೆ ಅದು ಬೇಡಿಕೆ.