ಅಸ್ತ್ರವೂ ಪ್ರತ್ಯಸ್ತ್ರವೂ

ಮೈಸೂರಿನವರಿಗೆ ಮಣೆಯ ಆಟಗಳು ಹೊಸವಲ್ಲ. ಚದುರಂಗದ ಕುದುರೆಯು 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ನಿಲ್ಲುವಂತೆ ಅದನ್ನು ನಡೆಯಿಸುವ ಕ್ರಮವನ್ನು ಸಾಧಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಊರಿದು. ಆದುದರಿಂದ, ಈಗಿನ ಮಕ್ಕಳು ಮೇಜಿನ ಸುತ್ತ ಕುಳಿತು ಆಡುವ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಕಥಾಕ್ರೀಡೆಯನ್ನು ಕಂಡು ಹಿರಿಯರು ಬೆದರಬೇಕಾದುದಿಲ್ಲ. ಅಮೆರಿಕೆಯ ಗೇರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟವು 1974ರಲ್ಲಿ ಪ್ರಕಟವಾಯಿತು. ಒಬ್ಬನು ಕಥೆಯನ್ನು ನಡೆಯಿಸುವನು. ಉಳಿದವರು ವೀರರ, ಮಾಂತ್ರಿಕರ ಪಾತ್ರಗಳನ್ನು ವಹಿಸುವರು. ಸಂದೇಹವುಂಟಾದೆಡೆ ದಾಳವು ತೀರ್ಮಾನಿಸುವುದು. ಇದು ಮಾಟಮಂತ್ರದ ಪಾಠವಲ್ಲವೆ ಎಂದು ಶಂಕಿಸುವ ಗೃಹಸ್ಥರುಂಟು. ಅಂಥವರ ಸಮಾಧಾನಕ್ಕಾಗಿ ನಾಲ್ಕು ಮಾತುಗಳನ್ನು ಹೇಳಬಯಸುವೆವು.

ಈ ಆಟದಲ್ಲಿ ಕೊಲ್ಲುವ ಮಹಾಮಂತ್ರಗಳಿಗಿಂತ ಕಟ್ಟಿಹಾಕುವ ಕಿರುಮಂತ್ರಗಳೇ ಹೊಸಬರನ್ನು ಹೆಚ್ಚಾಗಿ ಕೆಡಿಸುವುವು. ನಿದ್ರೆ, ಬಲೆ, ಕಾಲ್ತೊಡರುವ ಬಳ್ಳಿ, ಕಣ್ಣುಕವಿಯುವ ಮಂಜು ಎಂಬಿವು ಆ ಜಾತಿಯವು. ನಮ್ಮ ಆಡುಹುಲಿ ಆಟದಲ್ಲಿ ಆಡುಗಳು ಹುಲಿಯನ್ನು ಕೊಲ್ಲಲಾರವು. ಸುತ್ತುಗಟ್ಟಿ ಅದರ ನಡೆಯನ್ನೇ ನಿಲ್ಲಿಸಿ ಗೆಲ್ಲುವುವು. ಇಲ್ಲಿಯ ನೀತಿಯೂ ಅದೇ.

ಇವುಗಳಿಗೆ ಪ್ರತೀಕಾರವೇನು? 2014ರ ನಿಯಮಾವಳಿಯನ್ನು ಅನುಸರಿಸಿ ಹೇಳುವೆವು. ಬಲೆಯು 20 ಅಡಿಯಷ್ಟು ಹರಡುವುದರಿಂದ ಮೊದಲು ಗುಂಪಾಗಿ ನಿಲ್ಲತಕ್ಕುದಲ್ಲ. ಬೆಂಕಿ ಸೋಕಿದರೆ ಬಲೆಯು ಸುಟ್ಟುಹೋಗುವುದು. ಆದರೆ ಒಳಗೆ ಸಿಕ್ಕಿದ ಗೆಳೆಯನೂ ಬೇಯುವನು. ಮಂಜನ್ನು ಗಾಳಿಯು ಚದರಿಸುವುದು. ಬಳ್ಳಿಯನ್ನು ದೇಹಬಲದಿಂದ ಬಿಡಿಸಿಕೊಳ್ಳಬಹುದು. ಈ ಮೂರಕ್ಕೂ ಮೂಲವು ಮಾಂತ್ರಿಕನ ಏಕಾಗ್ರತೆ. ದೂರದಿಂದ ಬಂದ ಒಂದು ಬಾಣವು ತಗಲಿ ಅವನ ಚಿತ್ತವು ಕದಲಿತೆಂದರೆ ಮಂತ್ರವು ಅಲ್ಲಿಗೆ ಮುಗಿಯಿತು. ನಿದ್ರೆಗೆ ಮಾತ್ರ ಈ ಉಪಾಯವು ಸಲ್ಲದು. ಮಲಗಿದವನನ್ನು ಜೊತೆಗಾರನು ಅಲುಗಿಸಿ ಎಬ್ಬಿಸಬೇಕು. ಅದಕ್ಕಾಗಿ ಹೊಡೆಯುವ ತನ್ನ ಸರದಿಯನ್ನು ಬಿಟ್ಟುಕೊಡಬೇಕು.

ಭಾರತವನ್ನು ಓದಿದವರಿಗೆ ಇದರಲ್ಲಿ ಅಪರಿಚಿತವಾದುದೇನಿದೆ? ಗೋಗ್ರಹಣದಲ್ಲಿ ಅರ್ಜುನನ ಸಮ್ಮೋಹನಾಸ್ತ್ರಕ್ಕೆ ಕುರುಸೇನೆಯು ಮೈಮರೆಯಿತು. ಮೂರ್ಛೆಹೋದ ವೀರರ ಉತ್ತರೀಯಗಳನ್ನು ತರಲು ಉತ್ತರನನ್ನು ಕಳುಹಿಸುವಾಗ, ಭೀಷ್ಮನು ಆ ಅಸ್ತ್ರದ ಪ್ರತೀಕಾರವನ್ನು ಬಲ್ಲವನೆಂದೂ ಅವನ ಬಳಿ ಎಚ್ಚರದಿಂದಿರಬೇಕೆಂದೂ ಅರ್ಜುನನು ತಿಳುಹಿದನು. ಅಲ್ಲಿ ಭೀಷ್ಮನನ್ನು ಕಾಯ್ದುದು ತೋಳ್ಬಲವಲ್ಲ, ತಿಳಿವಳಿಕೆ. ದ್ರೋಣಪರ್ವದಲ್ಲಿ ಅಶ್ವತ್ಥಾಮನು ನಾರಾಯಣಾಸ್ತ್ರವನ್ನು ಬಿಟ್ಟಾಗ, ಆಯುಧವನ್ನಿಟ್ಟು ರಥದಿಂದಿಳಿಯುವುದೊಂದೇ ಉಪಾಯವೆಂದನು ಕೃಷ್ಣ. ಭೀಮನು ಕೇಳಲಿಲ್ಲ, ಅಸ್ತ್ರವೆಲ್ಲವೂ ಅವನೊಬ್ಬನ ಮೇಲೆ ಎರಗಿತು. ಕೃಷ್ಣಾರ್ಜುನರು ಅವನನ್ನು ರಥದಿಂದ ಸೆಳೆದು ಉಳಿಸಬೇಕಾಯಿತು.

ಮೇಜಿನ ಬಳಿ ಕುಳಿತ ಬಾಲಕನ ಸ್ವಭಾವವೂ ಭೀಮನದೇ. ಬಲೆಗೆ ಬಿದ್ದೊಡನೆ ಅವನಿಗೆ ತೋರುವುದು ಕತ್ತಿ ಬೀಸುವುದೊಂದೇ. ಕಟ್ಟು ಯಾವ ಬಗೆಯದು, ಅದರ ಮೂಲವೆಲ್ಲಿ, ನಿದ್ರಿಸುವವನನ್ನು ಎಬ್ಬಿಸುವವರು ಯಾರು ಎಂದು ನಿಂತು ಯೋಚಿಸುವುದನ್ನು ಅವನು ಕಲಿಯಬೇಕಾಗಿದೆ. ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದ ನಾವು ಬಲ್ಲೆವು: ತನ್ನ ಸರದಿಯನ್ನು ಇನ್ನೊಬ್ಬನಿಗಾಗಿ ಬಿಡುವುದು ಮಕ್ಕಳಿಗೆ ಉಪದೇಶದಿಂದ ಬರುವುದಿಲ್ಲ, ಆಟದಲ್ಲಿಯಾದರೋ ಬರುವುದುಂಟು. ಆದಕಾರಣ ಮುಂದಿನ ಭಾನುವಾರ ಮಕ್ಕಳು ದಾಳಗಳನ್ನು ಹರಡಿದಾಗ ಹಿರಿಯರು ಗದರದೆ ಪಕ್ಕದಲ್ಲಿ ಕುಳಿತು, ಬಿಡುವಾದಾಗ ಭೀಷ್ಮನ ಕಥೆಯನ್ನೂ ಭೀಮನ ಕಥೆಯನ್ನೂ ಹೇಳಲಿ.