ಎಚ್‌ಐವಿ ಕವಚಕ್ಕೇ ಪೆಟ್ಟು: ವರ್ಷಕ್ಕೆರಡು ಇಂಜೆಕ್ಷನ್, ಬೆಲೆ 28 ಸಾವಿರ ಡಾಲರೋ, 40 ಡಾಲರೋ?

ಎಚ್‌ಐವಿ ತಡೆಯುವ ಲೆನಾಕಾಪವಿರ್ ಇಂಜೆಕ್ಷನ್‌ಗೆ ಅಮೆರಿಕ 2025ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಎರಡೇ ಬಾರಿ ಚುಚ್ಚಿಸಿಕೊಂಡರೆ ಸಾಕು. ಅಷ್ಟು ದಿನ ಕೆಲಸ ಮಾಡುವುದು ಹೇಗೆ?

ಉತ್ತರ ವೈರಸ್‌ನ ಒಳಗವಚದಲ್ಲಿದೆ. ಅದರ ಹೆಸರು ಕ್ಯಾಪ್ಸಿಡ್. ಒಂದೇ ಪ್ರೋಟೀನ್‌ನ ಸುಮಾರು 1,500 ಪ್ರತಿಗಳು ಸೇರಿ ಶಂಕುವಿನಾಕಾರದ ಈ ಡಬ್ಬಿಯಾಗುತ್ತದೆ. ಒಳಗಿರುವುದು ವೈರಸ್‌ನ ಆರ್‌ಎನ್‌ಎ. ಜೀವಕೋಶದೊಳಗೆ ನುಗ್ಗಿದ ಕೂಡಲೇ ಡಬ್ಬಿ ಒಡೆದುಹೋಗುತ್ತದೆ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ಹಾಗಾಗಿ ಹಳೆಯ ಔಷಧಗಳ ಗುರಿ ಹೆಚ್ಚಾಗಿ ವೈರಸ್‌ನ ಕಿಣ್ವಗಳೇ. ಆದರೆ ಡಬ್ಬಿ ಹೆಚ್ಚುಕಡಿಮೆ ಇಡಿಯಾಗಿಯೇ ಕೋಶಕೇಂದ್ರದವರೆಗೆ ಸಾಗಿ, ಅದರ ರಂಧ್ರದಲ್ಲಿ ತೂರಿಕೊಳ್ಳುತ್ತದೆ ಎಂಬುದು ಇತ್ತೀಚೆಗೆ ಗೊತ್ತಾಯಿತು. ಕಾಗದದ ಹೊದಿಕೆ ಎಂದುಕೊಂಡಿದ್ದದ್ದು ಕಳ್ಳನ ವಾಹನವೇ ಆಗಿತ್ತು!

ಲೆನಾಕಾಪವಿರ್ ಈ ಪ್ರೋಟೀನ್‌ಗಳ ಸಂದಿಯಲ್ಲಿ ಬೆಣೆಯಂತೆ ಕೂರುತ್ತದೆ. ಡಬ್ಬಿ ಒಳಹೋಗಲಾಗದು, ಹೊಸ ವೈರಸ್‌ಗಳ ಡಬ್ಬಿಯೂ ವಿಕಾರವಾಗುತ್ತದೆ. ಔಷಧ ನೀರಿನಲ್ಲಿ ಸುಲಭಕ್ಕೆ ಕರಗದು. ಚರ್ಮದಡಿ ಸಂಗ್ರಹವಾಗಿ ತಿಂಗಳುಗಟ್ಟಲೆ ಇಷ್ಟಿಷ್ಟೇ ಸೋರುತ್ತದೆ, ಅಷ್ಟೇ ಸಾಕಾಗುತ್ತದೆ. ಆದರೆ ಇದು ಲಸಿಕೆಯಲ್ಲ. ಈಗಾಗಲೇ ಡಿಎನ್‌ಎಯಲ್ಲಿ ಸೇರಿಕೊಂಡ ವೈರಸ್ಸನ್ನು ಕಿತ್ತುಹಾಕುವುದೂ ಇಲ್ಲ.

ದಕ್ಷಿಣ ಆಫ್ರಿಕಾ ಮತ್ತು ಉಗಾಂಡದ ಪ್ರಯೋಗದಲ್ಲಿ ಇಂಜೆಕ್ಷನ್ ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ದಿನನಿತ್ಯದ ಟ್ರುವಾಡಾ ಮಾತ್ರೆ ಕೊಟ್ಟ 1,068 ಮಂದಿಯಲ್ಲಿ 16 ಜನರಿಗೆ ತಗುಲಿತು. ಮಾತ್ರೆ ಕೆಟ್ಟದ್ದಲ್ಲ, ಬಹಳಷ್ಟು ಜನ ಅದನ್ನು ನಿತ್ಯ ನುಂಗಲಿಲ್ಲ. ಮನೆಯಲ್ಲಿ ಮಾತ್ರೆ ಡಬ್ಬಿ ಕಂಡರೆ ಬರುವ ಪ್ರಶ್ನೆಗಳು ನಮ್ಮವರಿಗೂ ಹೊಸದಲ್ಲ.

ಇನ್ನು ಬೆಲೆ. ಅಮೆರಿಕದಲ್ಲಿ ವರ್ಷಕ್ಕೆ 28,218 ಡಾಲರ್. ತಯಾರಕ ಗಿಲಿಯಡ್ 2024ರಲ್ಲಿ ಆರು ಜೆನೆರಿಕ್ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಅವುಗಳಲ್ಲಿ ಹೈದರಾಬಾದ್‌ನ ಡಾ. ರೆಡ್ಡೀಸ್, ಹೆಟೆರೊ ಮತ್ತು ಪುಣೆಯ ಎಮ್‌ಕ್ಯೂರ್ ಸೇರಿವೆ. ಡಾ. ರೆಡ್ಡೀಸ್ ಮತ್ತು ಹೆಟೆರೊ 2027ರಿಂದ ವರ್ಷಕ್ಕೆ ಸುಮಾರು 40 ಡಾಲರ್‌ಗೆ ಕೊಡುವ ಒಪ್ಪಂದಗಳು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದವು. ಇದು 120 ದೇಶಗಳಿಗಷ್ಟೇ. ಇನ್ನೊಂದು ಪ್ರಯೋಗಕ್ಕೆ ತನ್ನ ಜನರನ್ನು ಕೊಟ್ಟ ಬ್ರೆಜಿಲ್ ಪಟ್ಟಿಯಲ್ಲಿಲ್ಲ. ಔಷಧವನ್ನು ಮೈಮೇಲೆ ಪರೀಕ್ಷಿಸಿಕೊಂಡ ದೇಶವನ್ನೇ ಹೊರಗಿಟ್ಟಿರುವುದಕ್ಕೆ ಯಾವ ವ್ಯಾಪಾರ ಲೆಕ್ಕಾಚಾರವೂ ಸಮಜಾಯಿಷಿಯಾಗದು.